ಕೊನೆಯ ಹನಿಯ ಕಾವಲು

ಗುಂಡು ತಗಲಿದ ಸದ್ದು ಫಿರ್ಮಿನ್‌ಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ತಗಲದ ಗುಂಡು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹಾರಿ ಕಣಿವೆಯುದ್ದಕ್ಕೂ ಗೊಣಗಿಕೊಂಡು ಹೋಗುತ್ತದೆ. ತಗಲಿದ್ದು ಮಾತ್ರ ಒದ್ದೆ ಚಾಪೆಯನ್ನು ಕೋಲಿನಿಂದ ಬಡಿದ ಹಾಗೆ ಒಂದೇ ಒಂದು ದಪ್ಪ ಸದ್ದು ಮಾಡಿ ಅಲ್ಲೇ ನಿಂತುಬಿಡುತ್ತದೆ. ಕಿವಿಗೆ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಕಣ್ಣಿಗೆ. ಎದೆಗೆ ಪೆಟ್ಟು ಬಿದ್ದ ಜಿಂಕೆ ತಲೆ ತಗ್ಗಿಸಿ ಹುಚ್ಚು ಹಿಡಿದಂತೆ ಓಡಿ ನೂರು ಮಾರಿನೊಳಗೆ ಬೀಳುತ್ತದೆ. ಇದು ಹಾಗೆ ಮಾಡಲಿಲ್ಲ. ಬೆನ್ನನ್ನು ಗೂನಾಗಿ ಮೇಲೆತ್ತಿತು, ನಾಲ್ಕು ಜನರೆದುರು ಬೈಸಿಕೊಂಡವರಂತೆ ಒಂದು ಗಳಿಗೆ ಸುಮ್ಮನೆ ನಿಂತಿತು, ಆಮೇಲೆ ಅವಸರವಿಲ್ಲದೆ ಸೀಬೆ ಪೊದೆಗಳೊಳಗೆ ಹೊಕ್ಕಿತು. ಬೆನ್ನು ಹಾಗೆ ಎತ್ತಿದರೆ ಗುಂಡು ಹೊಟ್ಟೆಗೋ ಯಕೃತ್ತಿಗೋ ಬಿದ್ದಿದೆ ಎಂದು ಅರ್ಥ. ಇಪ್ಪತ್ತೈದು ವರ್ಷ ಕೋವಿ ಹಿಡಿದವನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಪಕ್ಕದಲ್ಲಿದ್ದ ತಿಮೋತೆ, "ಎಲ್ಲಿಗೆ ಬಿತ್ತು?" ಎಂದಾಗ ಅವನ ಬಾಯಿಂದ ಬಂದ ಮಾತು "ಎದೆಗೆ". ಯಾಕೆ ಹಾಗೆಂದೆ ಎಂದು ತನ್ನನ್ನೇ ಕೇಳಿಕೊಂಡ. ಈಚೆಗೆ ಒಂದು ವರ್ಷದಿಂದ ಯಾರು ಏನು ಕೇಳಿದರೂ ಅವನೊಳಗೆ ಸುಳ್ಳೇ ಮೊದಲು ಎದ್ದು ಬಂದು ಬಾಗಿಲು ತೆಗೆಯುತ್ತಿತ್ತು.

"ಎದೆಗಾ?" ಎಂದ ತಿಮೋತೆ. ಅವನು ಫಿರ್ಮಿನ್‌ನ ಹೆಂಡತಿ ಎದ್ವೀಜ್‌ಳ ಅಣ್ಣ. ಐವತ್ತು ದಾಟಿದ, ಹೊಟ್ಟೆ ಬಂದ, ಯಾವಾಗಲೂ ಅರ್ಧ ನಗುತ್ತಲೇ ಇರುವ ಮನುಷ್ಯ. ಕಣಿವೆಯಲ್ಲಿ ಯಾರ ಜಿಂಕೆ ತಪ್ಪಿಸಿಕೊಂಡರೂ ಹುಡುಕಲು ಅವನನ್ನೇ ಕರೆಯುತ್ತಿದ್ದರು. ಆ ಅರ್ಧ ನಗುವಿನ ಉಳಿದ ಅರ್ಧ ಎಲ್ಲಿರುತ್ತದೆ ಎಂಬುದು ಫಿರ್ಮಿನ್‌ನ ಈಚಿನ ಚಿಂತೆಗಳಲ್ಲೊಂದು. "ಸರಿ, ಕೂತ್ಕೋ ಭಾವ" ಎಂದು ಅವನು ಕೋವಿಯನ್ನು ಮರಕ್ಕೆ ಒರಗಿಸಿ ಕುಕ್ಕರಗಾಲಲ್ಲಿ ಕೂತು ತಂಬಾಕು ಸುತ್ತತೊಡಗಿದ. "ಈಗ್ಲೇ ಹಿಂದೆ ಬಿದ್ರೆ ಎದ್ದು ಸಮುದ್ರದ ತನಕ ಓಡುತ್ತೆ. ಬಿಟ್ಬಿಟ್ರೆ ಎಲ್ಲೋ ಒಂದ್ಕಡೆ ಮಲಗುತ್ತೆ. ಮಲಗಿದ್ರೆ ತಾನಾಗೇ ಪ್ರಾಣ ಬಿಡುತ್ತೆ. ನಾವು ಹೋಗ್ದೇ ಇದ್ರೆ ಸಾಕು, ಕೆಲಸ ಆಗ್ಹೋಗುತ್ತೆ."

ನಾವು ಹೋಗದೆ ಇದ್ದರೆ ಸಾಕು. ಫಿರ್ಮಿನ್ ಥಟ್ಟನೆ ಅವನ ಮುಖ ನೋಡಿದ. ತಿಮೋತೆ ಕಾಗದದ ಅಂಚನ್ನು ನಾಲಗೆಯಿಂದ ಒದ್ದೆ ಮಾಡುವುದರಲ್ಲಿ ಮುಳುಗಿದ್ದ. ಮಾತಿಗೆ ಒಂದೇ ಅರ್ಥವಿತ್ತೋ ಎರಡಿತ್ತೋ, ಆ ಕಣ್ಣುಗಳಿಂದ ಹೇಳಲಾಗುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫಿರ್ಮಿನ್ ಮುಟ್ಟಿ ನೋಡಿಕೊಳ್ಳುವ ಚಾಳಿಗೆ ಬಿದ್ದು ಹನ್ನೆರಡು ತಿಂಗಳಾಗಿತ್ತು. ತಾನು ಹಾಗೆ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತು. ಗೊತ್ತಿದ್ದರೂ ಕೈ ಹೆಗಲಿಗೆ ಹೋಗುತ್ತಿತ್ತು.

ನಾಳೆ ಫಿರ್ಮಿನ್‌ನ ತಮ್ಮ ಸಿಲಾಸ್‌ನ ವರ್ಷದ ಸೂತಕ ಕಳೆಯುವ ದಿನ. ಮನೆಯ ಮುಂದೆ ಮುಡಿಗೆಣಸು, ಕೆಸವಿನ ಗೆಡ್ಡೆ, ಚಾಪೆ, ಬಟ್ಟೆಗಳ ರಾಶಿ ಆಗಲೇ ಎದೆಯೆತ್ತರ ಬೆಳೆದಿತ್ತು. ಅಮ್ಮ ಬೆಳಿಗ್ಗೆ ನಾಲ್ಕಕ್ಕೇ ಎದ್ದು ನೆಲದೊಲೆಗೆ ಬಾಳೆಲೆ ಬಾಡಿಸುತ್ತಿದ್ದಳು. ಅಷ್ಟೂ ರಾಶಿ ಸೋದರಮಾವನ ಮನೆಯವರಿಗೆ. ಹೆಸರು ಮತ್ತು ನೆಲ ತಂದೆಯ ಕಡೆಯಿಂದ ಬರುತ್ತದೆ, ರಕ್ತ ಮತ್ತು ಉಸಿರು ತಾಯಿಯ ಕಡೆಯದು. ಮಗು ಬಿದ್ದು ಮಂಡಿ ತರಚಿಕೊಂಡರೂ ಮಾವ ಬಂದು ನಮ್ಮ ರಕ್ತ ಯಾಕೆ ಚೆಲ್ಲಿದಿರಿ ಎಂದು ಕೇಳಬಹುದು. ಸತ್ತರೆ ಕೇಳಲೇಬೇಕು. ಹೋದ ವರ್ಷ ಮಣ್ಣು ಮಾಡಿದ ದಿನ, ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಅಮ್ಮನ ಅಣ್ಣ ಒನೆಸಿಮ್ ಮಾವ ಎಲ್ಲರೆದುರು ಎದ್ದು ನಿಂತು ಕೇಳಿದ್ದ: "ಆ ಭಾನುವಾರ ಅವನು ಯಾರಿಗಾದ್ರೂ ಫೋನ್ ಮಾಡಿದ್ನಾ?" ಮನೆಯ ಹಿರಿಯ ಮಗನಾಗಿ ಉತ್ತರ ಹೇಳಬೇಕಾದವನು ಫಿರ್ಮಿನ್. ಹೇಳಿದ. "ಇಲ್ಲ ಮಾವ. ಯಾರಿಗೂ ಮಾಡ್ಲಿಲ್ಲ." ಅಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದಳು. ಮಾವ ಬಹಳ ಹೊತ್ತು ಅವನನ್ನೇ ನೋಡಿ ಕೂತುಕೊಂಡ. ಆ ನೋಟ ಸಂಶಯದ್ದೋ ದುಃಖದ್ದೋ ತಿಳಿಯದೆ ಫಿರ್ಮಿನ್ ಅದನ್ನು ವರ್ಷವಿಡೀ ತಿರುಗಿಸಿ ಮುರುಗಿಸಿ ನೋಡಿದ್ದ. ನಾಳೆ ಮಾವ ರಾಶಿಯ ಮುಂದೆ ಬಂದು ಎತ್ತಿಕೊಂಡರೆ ಎಲ್ಲ ಮುಗಿದಂತೆ. ಎತ್ತಿಕೊಳ್ಳದೆ ಬೆನ್ನು ತಿರುಗಿಸಿದರೆ ಎರಡು ಮನೆಗಳ ನಡುವೆ ಮೂರು ತಲೆಮಾರು ಹೆಣ್ಣು ಕೊಡುವುದಿಲ್ಲ, ಗೆಣಸು ಕೊಡುವುದಿಲ್ಲ, ಸಾವಿಗೂ ಬರುವುದಿಲ್ಲ.

"ಹೋಗೋಣ" ಎಂದ ಫಿರ್ಮಿನ್, ಅರ್ಧ ಗಂಟೆಯೂ ಆಗಿರಲಿಲ್ಲ.

"ಎದೆಗೆ ಬಿದ್ದಿದ್ರೆ ಅವಸರ ಏನು? ಅಲ್ಲೇ ಬಿದ್ದಿರುತ್ತೆ."

"ಬಿಸಿಲೇರುತ್ತೆ. ಮಾಂಸ ಕೆಡುತ್ತೆ."

"ನಿನ್ನಿಷ್ಟ ಭಾವ. ಜಿಂಕೆ ನಿಂದು, ಮಾವನೂ ನಿನ್ನೋನು" ಎಂದು ತಿಮೋತೆ ಸೊಂಟ ಹಿಡಿದುಕೊಂಡು ಎದ್ದ.

ಮೊದಲ ರಕ್ತ ಸಿಕ್ಕಿದ್ದು ನಿಯಾವುಲಿ ಮರದ ಮೇಲೆ. ಆ ಮರದ ತೊಗಟೆ ಕಾಗದದ ಹಾಗೆ ಬೆಳ್ಳಗೆ ಪದರುಪದರಾಗಿ ಸುಲಿಯುತ್ತದೆ. ಅದಕ್ಕೆ ಒರಸಿಕೊಂಡು ಹೋದದ್ದು ಯಾವುದಿದ್ದರೂ ಬಚ್ಚಿಡುವಂತಿಲ್ಲ. ತಿಮೋತೆ ಬೆರಳಿನಿಂದ ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ, ಮೂಗಿಗೆ ಹಿಡಿದ. ಪುಪ್ಪುಸದ ರಕ್ತ ನಸುಗೆಂಪಾಗಿ ನೊರೆನೊರೆಯಾಗಿರುತ್ತದೆ. ಇದು ಕಾಫಿಯ ಗಸಿಯಂತೆ ಕಪ್ಪಗಿತ್ತು. ಅವನು ಬೆರಳನ್ನು ಫಿರ್ಮಿನ್‌ನ ಮುಖದ ಹತ್ತಿರ ತಂದ. "ಎದೆ ಅಂದ್ಯಲ್ಲ ಭಾವ. ಈ ಜಿಂಕೆಗೆ ದೇವರು ಎದೆನ ಎಲ್ಲಿಟ್ಟಿದಾನೆ? ಸೊಂಟದ ಹತ್ರಾನಾ?" ತಮಾಷೆಯೇ. ಇಪ್ಪತ್ತು ವರ್ಷದಿಂದ ನಡೆದುಬಂದ ಭಾವ ಮೈದುನರ ತಮಾಷೆ. ಮದುವೆಯ ದಿನವೇ ತಿಮೋತೆ ಅವನ ಬೂಟಿನೊಳಗೆ ಹಸಿಮೀನು ಇಟ್ಟಿದ್ದ. ಆದರೆ ಇವತ್ತು ಫಿರ್ಮಿನ್‌ನ ಕಿವಿ ಸುಟ್ಟಿತು. ಸುಳ್ಳು ಹೇಳಿದವನ ಮುಖಕ್ಕೆ ರಕ್ತ ಹಿಡಿದು ತೋರಿಸುವುದೆಂದರೇನು? ಇವನಿಗೆ ಏನೋ ಗೊತ್ತಿದೆ. ಗೊತ್ತಿದ್ದೇ ಬೆಳಿಗ್ಗೆ ತಾನಾಗಿ ಬಂದು ‘ನಾಳೆಗೆ ಒಂದು ಜಿಂಕೆ ಕಮ್ಮಿ ಬಿತ್ತು ಅಂತಿದ್ಲು ಎದ್ವೀಜ್, ನಡಿ ಹೋಗೋಣ’ ಎಂದು ಗಾಡಿ ಹತ್ತಿಸಿಕೊಂಡ.

ಮುಂದಿನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಇಬ್ಬರೂ ಒಟ್ಟಿಗೆ ಅಲೆದಾಡಿದರೆ ಹೆಜ್ಜೆಗಳಡಿ ಗುರುತು ಅಳಿಸಿಹೋಗುತ್ತದೆ. ಆದ್ದರಿಂದ ಕಂಡ ಕೊನೆಯ ಹನಿಯ ಹತ್ತಿರ ಒಬ್ಬ ನಿಂತೇ ಇರಬೇಕು. ಇನ್ನೊಬ್ಬ ಮುಂದೆ ಹೋಗಿ ಅದರ ಮುಂದಿನ ಹನಿ ಕಂಡು ಸೀಟಿ ಹೊಡೆದ ಮೇಲೆಯೇ ನಿಂತವನು ಕಾಲು ಎತ್ತಬೇಕು. ಹುಡುಕುವವನು ತಿಮೋತೆ, ನಿಲ್ಲುವವನು ಫಿರ್ಮಿನ್. ಹೀಗೆ ಹನಿಯಿಂದ ಹನಿಗೆ ಒಬ್ಬನ ಬೆನ್ನು ನೋಡುತ್ತ ನಿಲ್ಲುವುದು, ಬೆನ್ನೂ ಮರೆಯಾದ ಮೇಲೆ ಎಲೆಯ ಮೇಲಿನ ಕಪ್ಪು ಚುಕ್ಕೆಯನ್ನು ನೋಡುತ್ತ ನಿಲ್ಲುವುದು. ನೊಣ ಬಂದು ಚುಕ್ಕೆಯ ಮೇಲೆ ಕೂತರೆ ಓಡಿಸಬೇಕು. ಒಂದು ಕಡೆ ಸುಮ್ಮನೆ ನಿಲ್ಲುವುದು ಫಿರ್ಮಿನ್‌ಗೆ ಕಷ್ಟವಾಗಿ ವರ್ಷವಾಗಿತ್ತು. ನಿಂತ ಕೂಡಲೇ ಆ ಭಾನುವಾರ ಬಂದು ಎದುರಿಗೆ ನಿಲ್ಲುತ್ತಿತ್ತು. ಮಧ್ಯಾಹ್ನ ನಾಲ್ಕು ಗಂಟೆ, ಮಾವಿನ ಮರದಡಿ ಬಿಂಗೋ, ಎದ್ವೀಜ್ ಅಂಕಿಗಳನ್ನು ಕೂಗುತ್ತಿದ್ದಳು, ಅವನಿಗೆ ಇನ್ನೊಂದೇ ಒಂದು ಅಂಕಿ ಬೇಕಿತ್ತು, ನಲವತ್ತೇಳು. ಮೇಜಿನ ಮೇಲಿದ್ದ ಫೋನು ನಡುಗಿತು. ಸಿಲಾಸ್. ಪ್ರತಿ ಭಾನುವಾರವೂ ಇದೇ ಗೋಳು. ಕುಡಿದು ಕೋನೆ ಪೇಟೆಯಲ್ಲೋ ಯಾವುದೋ ಹಾದಿಯಲ್ಲೋ ಬಿದ್ದು, ಅಣ್ಣಾ ಬಾ, ಎಂದು ಕರೆಯುವುದು, ಅಣ್ಣ ಹೋಗಿ ಹೊತ್ತು ತರುವುದು, ಗಾಡಿಯೆಲ್ಲ ವಾಂತಿ. ಫೋನನ್ನು ಬೋರಲು ಹಾಕಿದ. ಮತ್ತೆ ನಡುಗಿತು. ಮೂರನೆಯ ಸಲ ಎತ್ತಿದ. "ಅಣ್ಣಾ, ಬಂದು ಕರ್ಕೊಂಡು ಹೋಗು." ಆ ದನಿ ಕುಡಿದವನದಾಗಿತ್ತೇ? ಅಲ್ಲ ಎಂದು ಈಗ ಅನಿಸುತ್ತದೆ. ಅದು ತಗ್ಗಿದ, ಪುಟ್ಟ ದನಿ. ಆಗ ಹಾಗನಿಸಿತ್ತೇ? ಎಲ್ಲಿದ್ದೀಯಾ ಎಂದು ಕೇಳಲಿಲ್ಲ. ಅಷ್ಟು ಜನ ನೋಡುತ್ತಿದ್ದಾರೆಂದು ಸ್ವಲ್ಪ ಜೋರಾಗಿಯೇ ಹೇಳಿದ: "ನಡ್ಕೊಂಡು ಬಾ. ನಿಂಗೇನ್ ಕಾಲಿಲ್ವಾ?" ಸುತ್ತ ಕೂತವರು ನಕ್ಕರು. ಫೋನು ಆರಿಸಿಟ್ಟ. ಸೋಮವಾರ ಮಧ್ಯಾಹ್ನ ರಸ್ತೆ ಕೆಲಸದವರು ಎರಡನೆಯ ಸೇತುವೆಯ ಕೆಳಗೆ ಉರುಳಿಬಿದ್ದ ಸಿಲಾಸ್‌ನ ಗಾಡಿಯನ್ನು ಕಂಡರು. ಅವನು ಗಾಡಿಯೊಳಗಿರಲಿಲ್ಲ. ಇಪ್ಪತ್ತು ಮಾರು ತೆವಳಿ ದಡ ಹತ್ತಿ ಒಂದು ಮರಕ್ಕೆ ಒರಗಿ ಕೂತಿದ್ದ. ಎರಡು ಕಾಲೂ ಮುರಿದಿದ್ದವು.

ಅಂದು ನಕ್ಕವರಲ್ಲಿ ತಿಮೋತೆ ಇದ್ದನೇ? ಇದ್ದನೆಂದು ಒಂದು ಸಲ ಅನಿಸುತ್ತಿತ್ತು, ಅವನು ಮೀನಿಗೆ ಹೋಗಿದ್ದನೆಂದು ಇನ್ನೊಂದು ಸಲ. ಯಾರೂ ಆ ಮಾತು ಎತ್ತಿರಲಿಲ್ಲ. ಬಿಂಗೋದಲ್ಲಿ ಕೂತ ಹೆಂಗಸರಿಗೆ ಅದು ಯಾರ ಫೋನೆಂದು ಗೊತ್ತಿರಲಾರದು ಎಂದು ಫಿರ್ಮಿನ್ ಎಷ್ಟೋ ಸಲ ಲೆಕ್ಕ ಹಾಕಿದ್ದ. ಅಮ್ಮನಿಗಂತೂ, ಬಿದ್ದ ಕೂಡಲೇ ಹೋಗಿಬಿಟ್ಟ, ಅವನಿಗೇನೂ ಗೊತ್ತೇ ಆಗಿಲ್ಲ, ಎಂದು ಅವನೇ ಹೇಳಿದ್ದ. ತೆವಳಿದ ವಿಷಯ ಗಂಡಸರಷ್ಟೇ ತಿಳಿದು ಬಾಯಿ ಮುಚ್ಚಿಕೊಂಡಿದ್ದರು. ಆದರೆ ಸಿಲಾಸ್‌ನ ಜೇಬಿನಲ್ಲಿದ್ದ ಫೋನು, ನೀರು ಕುಡಿದು ಸತ್ತದ್ದು, ಪದ್ಧತಿಯಂತೆ ಅವನ ಬಟ್ಟೆ, ಟೋಪಿಗಳ ಜೊತೆ ಒನೆಸಿಮ್ ಮಾವನ ಪಾಲಿಗೆ ಹೋಗಿತ್ತು. ರಾಜಧಾನಿ ನೂಮೆಯದ ಅಂಗಡಿಗಳಲ್ಲಿ ಸತ್ತ ಫೋನುಗಳನ್ನೂ ಬಾಯಿಬಿಡಿಸುತ್ತಾರೆ ಎಂದು ಎರಡು ತಿಂಗಳ ಹಿಂದೆ ಯಾರೋ ಹೇಳಿದ್ದರು. ಅದೇ ವಾರ ಮಾವ ನೂಮೆಯಕ್ಕೆ ಹೋಗಿದ್ದ. ಹಲ್ಲು ಕೀಳಿಸಲಿಕ್ಕಂತೆ.

ಸೀಟಿ ಇನ್ನೂ ಕೇಳಲಿಲ್ಲ. ಅದರ ಬದಲು ಲಂಟಾನ ಪೊದೆಯಾಚೆಯಿಂದ ತಗ್ಗಿದ ಮಾತು ಕೇಳಿಸಿತು. ತಿಮೋತೆ ಯಾರ ಜೊತೆ ಮಾತಾಡುತ್ತಿದ್ದಾನೆ? ಫಿರ್ಮಿನ್ ಉಸಿರು ಹಿಡಿದು ಕಿವಿಗೊಟ್ಟ. "...ಹೂಂ, ನಿಮ್ಮ ಕಡೆಗೇ ಬರ್ತಾ ಇದೆ... ಇಲ್ಲ, ಅವನಿಗೆ ಹೇಳಿಲ್ಲ... ನೀವಲ್ಲೇ ಇರಿ." ಕೊನೆಯ ಹನಿಯನ್ನು ಬಿಟ್ಟು ಎರಡು ಹೆಜ್ಜೆ ಇಟ್ಟವನು, ಎಲ್ಲಿ ನಿಂತಿದ್ದೆ ಎಂಬುದೇ ಮರೆತು, ಗಾಬರಿಯಾಗಿ ಹಿಂದಕ್ಕೆ ಬಂದು ಆ ಎಲೆಯನ್ನು ಹುಡುಕಿದ. ಒಣಗಿದ ಸೀಬೆ ಎಲೆಗಳು ಎಲ್ಲವೂ ಒಂದೇ ಥರ. ಅರ್ಧದಷ್ಟಕ್ಕೆ ತುಕ್ಕುಬಣ್ಣದ ಚುಕ್ಕೆಗಳು. ಮಂಡಿಯೂರಿ ಒಂದೊಂದನ್ನೇ ಎತ್ತಿ ನೋಡುತ್ತಿದ್ದಾಗ ತಿಮೋತೆ ಬಂದು ಮೇಲೆ ನಿಂತ.

"ಏನ್ ಭಾವ, ಪ್ರಾರ್ಥನೆನಾ?"

"ಕಾಲು ಜಾರ್ತು."

"ಸೀಟಿ ಹೊಡೆಯೋಕೆ ಮುಂಚೆ ಜಾರ್ತಾ?" ತಿಮೋತೆ ಬಗ್ಗಿ, ಒಂದೇ ನೋಟಕ್ಕೆ ಆ ಎಲೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟ. "ತಗೋ. ನಿನ್ನ ಹನಿ."

ಯಾರೊಡನೆ ಮಾತಾಡಿದೆ ಎಂದು ಕೇಳಬೇಕೆನಿಸಿತು. ಕೇಳಿದರೆ ಕದ್ದು ಕೇಳಿದ್ದು ಗೊತ್ತಾಗುತ್ತದೆ. ಕೇಳದಿದ್ದರೆ ಕೇಳಲು ಹೆದರಿದ ಎಂದು ಗೊತ್ತಾಗುತ್ತದೆ. ಎರಡಕ್ಕೂ ನಡುವೆ ಸಿಕ್ಕಿ ಅವನು ಬೆವರು ಒರೆಸಿಕೊಂಡ.

ಒಂಬತ್ತರ ಹೊತ್ತಿಗೆ ಜಿಂಕೆ ಮಲಗಿದ್ದ ಜಾಗ ಸಿಕ್ಕಿತು. ಹುಲ್ಲು ದುಂಡಗೆ ಒತ್ತಿಹೋಗಿತ್ತು, ನಡುವೆ ಒಂದು ಬಟ್ಟಲಿನಷ್ಟು ಹೆಪ್ಪುಗಟ್ಟಿದ ರಕ್ತ. ತಿಮೋತೆ ಅಂಗೈ ಊರಿ ನೋಡಿದ. ನೆಲ ಇನ್ನೂ ಬೆಚ್ಚಗಿತ್ತು. "ಇಲ್ಲೇ ಹೋಗ್ಬೇಕಿತ್ತು ಪ್ರಾಣ. ನಮ್ಮ ಸದ್ದು ಕೇಳಿ ಎದ್ದಿದೆ. ಇನ್ನೊಂದು ಗಂಟೆ ಕೂತಿದ್ರೆ ಇಲ್ಲೇ ಸಿಗ್ತಿತ್ತು." ಬೈಗುಳವೇನೂ ಅಲ್ಲ, ಕೆಲಸದ ಮಾತು. ಫಿರ್ಮಿನ್ ಆ ಒತ್ತಿದ ಹುಲ್ಲನ್ನೇ ನೋಡಿದ. ಸೇತುವೆಯ ಹತ್ತಿರದ ಆ ಮರದ ಬುಡದಲ್ಲಿಯೂ ಹುಲ್ಲು ಹೀಗೆಯೇ ಒತ್ತಿತ್ತು, ಸಿಲಾಸ್ ಎಡಗೈಯಿಂದ ನೆಲದ ಹುಲ್ಲನ್ನೆಲ್ಲ ಕಿತ್ತು ಪಕ್ಕದಲ್ಲಿ ಒಂದು ಸಣ್ಣ ಗುಡ್ಡೆ ಮಾಡಿದ್ದ. ಯಾಕೆ ಕಿತ್ತ? ನೋವಿಗೋ, ಹೊತ್ತು ಕಳೆಯಲಿಕ್ಕೋ? ಆಸ್ಪತ್ರೆಯ ದಾದಿ, ಬೆಳಗಿನ ಜಾವದವರೆಗೂ ಇದ್ದಿರಬಹುದು, ಎಂದಿದ್ದಳು. ಹೋಗಲೇಬೇಕಾದ ಕಡೆ ಹೋಗದೆ ಫಿರ್ಮಿನ್ ಬಿಂಗೋ ಆಡುತ್ತ ಕೂತ, ಕೂರಬೇಕಾದ ಕಡೆ ಅವಸರ ಮಾಡಿ ಎಬ್ಬಿಸಿ ಓಡಿಸಿದ. ನನ್ನ ಕೈಗೆ ಸಿಕ್ಕ ಯಾವುದೂ ನೆಮ್ಮದಿಯಾಗಿ ಸಾಯುವುದಿಲ್ಲ ಎಂದುಕೊಂಡ. ಅಳು ಬಂತು. ಬಗ್ಗಿ ಬೂಟಿನ ದಾರ ಕಟ್ಟುವವನಂತೆ ಮುಖ ಮರೆಸಿಕೊಂಡ. ದಾರ ಬಿಚ್ಚಿರಲಿಲ್ಲ. ತಿಮೋತೆ ಅದನ್ನೂ ಕಂಡಿರಬೇಕು.

ಅಲ್ಲಿಂದ ಗುರುತು ಇಳಿಜಾರು ಹಿಡಿಯಿತು. ಪೆಟ್ಟು ತಿಂದ ಜಿಂಕೆ ನೀರಿನ ಕಡೆಗೆ ಇಳಿಯುತ್ತದೆ, ಆಶ್ಚರ್ಯವೇನಿಲ್ಲ. ಆದರೆ ಇಳಿದಂತೆಲ್ಲ ಫಿರ್ಮಿನ್‌ನ ಹೆಜ್ಜೆ ಭಾರವಾಯಿತು. ಕೆಳಗಿನ ಹಳ್ಳದಾಚೆ ಪೈನ್ ಮರಗಳ ಸಾಲು, ಆ ಸಾಲಿನಿಂದ ಮುಂದಕ್ಕೆ ನೆಲ ಅಮ್ಮನ ತವರಿನದು, ಒನೆಸಿಮ್ ಮಾವನದು. ಹಳ್ಳದ ಕಲ್ಲಿನ ಮೇಲೆ ಮೂರು ಹನಿ, ಆಚೆ ದಡದ ಕೆಸರಿನಲ್ಲಿ ಜಾರಿದ ಗೊರಸು, ಅದರ ಮೇಲೆ ಹುಲ್ಲಿಗೆ ಒರಸಿದ ರಕ್ತ. ದಾಟಿಯೇಬಿಟ್ಟಿದೆ.

"ಬಿಡು. ವಾಪಸ್ ಹೋಗೋಣ. ಇರೋ ಮಾಂಸ ಸಾಕು" ಎಂದ ಫಿರ್ಮಿನ್.

ತಿಮೋತೆಯ ಅರ್ಧ ನಗು ಮೊದಲ ಸಲ ಅಳಿಸಿತು. "ಏನಂದೆ? ಗಾಯ ಆಗಿರೋ ಪ್ರಾಣಿನ ಹಂಗೇ ಬಿಟ್ಟು ಹೋಗೋದಾ? ನಾಳೆ ನಿಮ್ಮ ಮಾವನ ನೆಲದಲ್ಲೇ ಕೊಳೆತು ನಾರ್ತಾ ಬಿದ್ದಿರ್ಲಿ, ಅವರು ಇತ್ಲಾಗೆ ನಿಮ್ಮನೆ ಊಟಕ್ಕೆ ಬರ್ಲಿ, ಅಲ್ವಾ?"

"ಕೇಳ್ದೆ ದಾಟೋ ಹಾಗಿಲ್ಲ."

"ದಾಟೋ ಹಾಗಿಲ್ಲ ಅಂತ ನಂಗೆ ನೀನು ಕಲಿಸ್ಬೇಡ."

"ನನ್ನನ್ನ ಈ ಕಡೆಗೇ ಯಾಕೆ ತಂದೆ ನೀನು?" ದನಿ ಏರಿದ್ದು ಫಿರ್ಮಿನ್‌ಗೇ ಗೊತ್ತಾಗಲಿಲ್ಲ. "ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಒಂದೊಂದು ಮಾತೂ ಚುಚ್ಚಿ ಚುಚ್ಚಿ ಆಡ್ತೀಯ. ಪೊದೆ ಹಿಂದೆ ಹೋಗಿ ಯಾರ್ಹತ್ರ ಗುಸುಗುಸು ಅಂದೆ? ಅವನಿಗೆ ಹೇಳಿಲ್ಲ ಅಂದ್ಯಲ್ಲ, ಏನ್ ಹೇಳಿಲ್ಲ?"

ತಿಮೋತೆ ಹೆಗಲ ಚೀಲ ಇಳಿಸಿ, ಅಡಿಯಿಂದ ಒಂದು ಮಡಚಿದ ಬಟ್ಟೆಯನ್ನು ತೆಗೆದ. ಹಸಿರು ಹೂವಿನದು, ಹೊಸದು, ಅದರೊಳಗೆ ಒಂದು ಕಟ್ಟು ತಂಬಾಕು. "ನಿಮ್ಮ ಮಾವನ ಹತ್ರಾನೇ ಫೋನಲ್ಲಿ ಮಾತಾಡಿದ್ದು. ಜಿಂಕೆ ನಿಮ್ಮ ಕಡೆ ಇಳೀತಾ ಇದೆ, ನಾವು ಬಂದ್ರೆ ತಪ್ಪು ತಿಳೀಬೇಡಿ ಅಂದೆ. ನಿಂಗೆ ಯಾಕೆ ಹೇಳ್ಲಿಲ್ಲ ಅಂದ್ರೆ, ಮಾವ ಅಂದ ಕೂಡ್ಲೇ ನಿನ್ನ ಮುಖ ಹಾಳಾಗುತ್ತೆ, ವರ್ಷದಿಂದ ನೋಡ್ತಿದೀನಿ. ಹೆದರಿ ಮನೆಗೆ ಹೋಗ್ತೀಯ ಅಂತ." ಬಟ್ಟೆಯನ್ನು ಫಿರ್ಮಿನ್‌ನ ಎದೆಗೆ ಒತ್ತಿದ. "ಇದನ್ನ ಮುಂದಿಡು, ದಾಟಿದ್ದಕ್ಕೆ ಎರಡು ಮಾತು ಆಡು, ಜಿಂಕೆ ಹೊತ್ಕೊಂಡು ಬರೋಣ. ಎದ್ವೀಜ್ ಪೆಟ್ಟಿಗೆಯಿಂದ ಕದ್ದು ತಂದಿದ್ದು. ಅವಳಿಗೆ ಹೇಳ್ಬೇಡ."

ಇಷ್ಟು ಸರಳವಾದ ಉತ್ತರವನ್ನು ನಂಬಲು ಫಿರ್ಮಿನ್‌ನ ಮನಸ್ಸು ಒಪ್ಪಲಿಲ್ಲ. ಸಂಶಯ ರೂಢಿಯಾದವನಿಗೆ ಒಳ್ಳೆಯ ಮಾತೇ ಹೆಚ್ಚು ಹುಳಿಯಾಗಿ ಕಾಣುತ್ತದೆ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹಳ್ಳ ದಾಟುವಾಗ, ಇವರಿಬ್ಬರೂ ಸೇರಿಯೇ ಮಾಡಿದ್ದು, ಈ ರಕ್ತದ ಹಾದಿ ನೇರ ಮಾವನ ಹತ್ತಿರಕ್ಕೇ ಒಯ್ಯುತ್ತದೆ ಎಂದುಕೊಂಡ. ಮಾವ ಮೊದಲೇ ತಿಳಿದು ಕಾದಿದ್ದಾನೆ. ನಾಳೆ ನೂರು ಜನರೆದುರು ಕೇಳುವುದರ ಬದಲು ಇವತ್ತು ಇಲ್ಲಿ ಕೇಳುತ್ತಾನೆ. ಅದೇ ಒಳ್ಳೆಯದೇನೋ.

ಜಿಂಕೆ ದಡದಿಂದ ಐವತ್ತು ಮಾರಿನಲ್ಲಿ, ಮಾವಿನ ಮರದ ನೆರಳಲ್ಲಿ ಬಿದ್ದಿತ್ತು. ನೊಣ ಕೂರದಂತೆ ಯಾರೋ ಹಸಿ ಕೊಂಬೆಗಳನ್ನು ಮುರಿದು ಮುಚ್ಚಿದ್ದರು. ಪಕ್ಕದಲ್ಲಿ, ಅದೇ ಮರದ ಬುಡಕ್ಕೆ ಒರಗಿ, ಕಾಲು ನೀಡಿ ಒನೆಸಿಮ್ ಕೂತಿದ್ದ. ಎಪ್ಪತ್ತರ ಮುದುಕ, ಹೊಸದಾಗಿ ಹಲ್ಲು ಕೀಳಿಸಿದ್ದರಿಂದ ಕೆನ್ನೆ ಒಳಸೇರಿತ್ತು. ಒಂದು ಕೈ ಜಿಂಕೆಯ ಕೊಂಬಿನ ಮೇಲಿತ್ತು. ಅವನು ಕೂತ ರೀತಿ ಫಿರ್ಮಿನ್‌ಗೆ ಸಹಿಸಲಾಗಲಿಲ್ಲ. ಬೇಕೆಂದೇ ಸಿಲಾಸ್‌ನ ಹಾಗೆ ಕೂತಿದ್ದಾನೆ ಎಂದು ಅವನಿಗೆ ಖಚಿತವಾಗಿ ಹೋಯಿತು.

"ಬಂದ್ರಾ" ಎಂದ ಮುದುಕ. "ನಾನು ಬರೋಕೆ ಐದು ನಿಮಿಷ ಮುಂಚೆ ಬಿದ್ದಿತ್ತು. ನಾನು ಬಂದಾಗ ಕಣ್ಣು ಇನ್ನೂ ಆಡ್ತಿತ್ತು. ಒಂಟಿಯಾಗಿ ಹೋಗೋದು ಬೇಡ ಅಂತ ಪಕ್ಕದಲ್ಲಿ ಕೂತೆ."

ಒಂಟಿಯಾಗಿ. ಫಿರ್ಮಿನ್ ಎರಡು ಕೈಯಲ್ಲೂ ಬಟ್ಟೆ ಹಿಡಿದು ಮುಂದೆ ಬಂದು, ಮಂಡಿಯೂರಿ, ಮಾವನ ಕಾಲಿನ ಹತ್ತಿರ ನೆಲದ ಮೇಲೆ ಹಾಸಿ, ಮೇಲೆ ತಂಬಾಕು ಇಟ್ಟ. ಬಟ್ಟೆ ಇಟ್ಟ ಮೇಲೆ ತಲೆ ಬಗ್ಗಿಸಿ ಮಾತಾಡಬೇಕು, ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಗಡಿ ದಾಟಿದ್ದಕ್ಕೂ ಇದೇ ಬಟ್ಟೆ, ಹೆಣ್ಣು ಕೇಳುವುದಕ್ಕೂ ಇದೇ, ಕ್ಷಮೆ ಕೇಳುವುದಕ್ಕೂ ಇದೇ. ಯಾವುದಕ್ಕೆ ಎಂಬುದನ್ನು ಬಾಯಿ ಹೇಳಬೇಕು.

"ಹೇಳು ಮಗಾ" ಎಂದ ಒನೆಸಿಮ್, ಮೃದುವಾಗಿ. "ಇದು ಯಾವುದಕ್ಕೆ?"

ದಾಟಿದ್ದಕ್ಕೆ, ಎಂದು ಹೇಳಬೇಕಿತ್ತು. ಎರಡು ಮಾತು. ಆದರೆ ಆ ಮೃದುತನದಲ್ಲಿ ಅವನಿಗೆ ಬಲೆ ಕಂಡಿತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೇಳುತ್ತಿದ್ದಾನೆ, ತನ್ನ ಬಾಯಿಂದಲೇ ಹೊರಡಿಸಲು. ಸಾಕಾಗಿತ್ತು. ವರ್ಷದಿಂದ ಹೊತ್ತದ್ದು ಮೊದಲ ಸಲ ಸುಳ್ಳಿಗಿಂತ ಮುಂಚೆ ಎದ್ದು ಬಂದು ಬಾಗಿಲಲ್ಲಿ ನಿಂತಿತು.

"ನಿಮಗೆ ಗೊತ್ತು ಮಾವ. ಫೋನು ಬಿಚ್ಚಿಸಿದೀರಿ, ಗೊತ್ತು ನಂಗೆ. ಹೌದು, ಮಾಡಿದ್ದ. ಮೂರು ಸಲ ಮಾಡಿದ್ದ. ಬಂದು ಕರ್ಕೊಂಡು ಹೋಗು ಅಂದ. ನಾನು, ನಡ್ಕೊಂಡು ಬಾ ಅಂದೆ. ನಿಂಗೆ ಕಾಲಿಲ್ವಾ ಅಂದೆ. ಎಲ್ಲಿದೀಯ ಅಂತಾನೂ ಕೇಳ್ಲಿಲ್ಲ. ಮಣ್ಣಿನ ದಿನ ಎಲ್ಲರ ಮುಂದೆ ಸುಳ್ಳು ಹೇಳಿದೆ. ನಿಮ್ಮ ರಕ್ತ ನಾನು..."

ಫಿರ್ಮಿನ್ ತಲೆಯೆತ್ತಿದ. ಮುದುಕನ ಬಾಯಿ ಸ್ವಲ್ಪ ತೆರೆದಿತ್ತು, ಹಲ್ಲಿಲ್ಲದ ಒಸಡು ಕಾಣುತ್ತಿತ್ತು. ಅವನ ಕಣ್ಣಿನಲ್ಲಿ ಗೆದ್ದವನ ಬೆಳಕಾಗಲಿ, ಕಾದು ಹಿಡಿದವನ ಚುರುಕಾಗಲಿ ಇರಲಿಲ್ಲ. ಏನೂ ತಿಳಿಯದ ಮುದುಕನೊಬ್ಬನಿಗೆ ಬಾಗಿಲಲ್ಲಿ ನಿಂತು ಸಾವಿನ ಸುದ್ದಿ ಹೇಳಿದರೆ ಮುಖ ಹೇಗಾಗುತ್ತದೋ ಹಾಗೆ ಆಗಿತ್ತು.

"ಯಾವ ಫೋನು?" ಎಂದ ಒನೆಸಿಮ್. ಆಮೇಲೆ, ತಡವಾಗಿ, "ಅದು ಅವನ ಟೋಪಿ ಜೊತೆ ಡಬ್ಬಿಯಲ್ಲಿದೆ. ಮುಟ್ಟೇ ಇಲ್ಲ ನಾನು." ಅವನ ಕೈ ಕೊಂಬಿನ ಮೇಲಿಂದ ಜಾರಿ ಮಡಿಲಿಗೆ ಬಿತ್ತು. "ಮಾತಾಡಿದ್ನಾ? ನಿನ್ನ ಹತ್ರ ಮಾತಾಡಿದ್ನಾ ಅವನು?"

ಹಿಂದೆ ತಿಮೋತೆಯ ಚೀಲ ನೆಲಕ್ಕೆ ಬಿದ್ದ ಸದ್ದಾಯಿತು. ಅವನಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ನಾಳೆ ಒಂದು ದಿನ ಕಳೆದಿದ್ದರೆ ಮಾವ ರಾಶಿ ಎತ್ತಿಕೊಳ್ಳುತ್ತಿದ್ದ, ಎಲ್ಲ ಮುಗಿಯುತ್ತಿತ್ತು. ಫಿರ್ಮಿನ್‌ಗೆ ಇದು ಹೊಳೆದಾಗ ನಗು ಬಂದಂತಾಯಿತು, ಗಂಟಲಿನಿಂದ ಬಂದದ್ದು ಬೇರೇನೋ. ಮುದುಕ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆಯಲಿ ಎಂದು ಫಿರ್ಮಿನ್ ಕಾದ. ಒನೆಸಿಮ್ ಮರವನ್ನು ಹಿಡಿದು ನಿಧಾನವಾಗಿ ಎದ್ದ, ಜಿಂಕೆಯ ಮೇಲಿನ ಕೊಂಬೆಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟ, ಸೊಂಟದಿಂದ ಚಾಕು ತೆಗೆದು ತಿಮೋತೆಗೆ ಕೊಟ್ಟ. "ಹೊಟ್ಟೆ ತೆಗಿ. ಕೆಡೋಕೆ ಮುಂಚೆ." ತಿಮೋತೆ ಕೆಲಸಕ್ಕೆ ಕೂತ. ಗುಂಡು ಯಕೃತ್ತನ್ನು ಸೀಳಿತ್ತು. ಬಟ್ಟೆ ಇಟ್ಟಲ್ಲೇ ಇತ್ತು, ಅದರ ಮೇಲೆ ಇರುವೆಯೊಂದು ಹತ್ತಿ ಇಳಿಯಿತು. ಎದುರಿನವರು ಒಪ್ಪಿ ಬಟ್ಟೆ ಎತ್ತಿಕೊಳ್ಳುವವರೆಗೆ ಮಂಡಿಯೂರಿದವನು ಏಳುವಂತಿಲ್ಲ. ಫಿರ್ಮಿನ್‌ನ ಕಾಲು ಜೋಮು ಹಿಡಿದು ನೋವೂ ನಿಂತುಹೋಗಿತ್ತು.

ಹಿಂಗಾಲುಗಳನ್ನು ಕಟ್ಟಿ ಮುಗಿದ ಮೇಲೆ ಒನೆಸಿಮ್ ಅವನ ಎದುರಿಗೆ ಬಂದು ನಿಂತ. ಕಣ್ಣು ಒದ್ದೆಯಾಗಿತ್ತು.

"ದಾಟಿದ್ದಕ್ಕೆ ಅಂತ ನೀನು ಅಂದಿದ್ರೆ ಎತ್ಕೋತಿದ್ದೆ" ಎಂದ. "ಇದು ನಾನು ಎತ್ಕೊಳ್ಳೋ ಬಟ್ಟೆ ಅಲ್ಲ ಮಗಾ. ಆ ರಕ್ತ ನನ್ನ ತಂಗಿ ಮೈಯಿಂದ ಬಂದಿದ್ದು. ಮಾಂಸ ಹೊತ್ಕೊಂಡು ಹೋಗಿ, ಬೇಯಿಸಿ. ನಾಳೆ ನಾವು ಬರ್ತೀವಿ. ರಾಶಿ ಮುಟ್ಟೋಕೆ ಮುಂಚೆ ಇದನ್ನ ನಿಮ್ಮಮ್ಮನ ಮುಂದೆ ಹಾಸು. ಈಗ ಆಡಿದ್ಯಲ್ಲ, ಅದನ್ನೇ ಆಡು, ಒಂದು ಮಾತೂ ಬಿಡ್ಬೇಡ. ಅವಳು ಎತ್ಕೊಂಡ್ರೆ ನಾವು ಊಟಕ್ಕೆ ಕೂತ್ಕೋತೀವಿ."

"ಅಮ್ಮಂಗೆ..." ಎಂದ ಫಿರ್ಮಿನ್. "ಅವಳು, ಅವನು ಒಂದೇ ಸಲಕ್ಕೆ ಹೋದ ಅಂದ್ಕೊಂಡಿದಾಳೆ ಮಾವ."

"ಗೊತ್ತು" ಎಂದ ಒನೆಸಿಮ್.

ಫಿರ್ಮಿನ್ ತಂಬಾಕು ಬದಿಗಿಟ್ಟು ಬಟ್ಟೆಯನ್ನು ಮಡಚತೊಡಗಿದ. ಅಂಚುಗಳು ಸೇರಲಿಲ್ಲ, ಬಿಚ್ಚಿ ಮತ್ತೆ ಹಿಡಿದ, ಮತ್ತೆ ಸೊಟ್ಟಗಾಯಿತು. ತಿಮೋತೆ ಕೈ ಒರೆಸಿಕೊಂಡು ಬಂದು ಇನ್ನೊಂದು ತುದಿ ಹಿಡಿಯಲು ಬಗ್ಗಿದ.

"ಬೇಡ" ಎಂದ ಒನೆಸಿಮ್. "ಅವನೇ ಮಡಚಲಿ."